ದೇಮಕ್ಕನ ಬೊಗಸೆ

ಉನ್ನತಿ ಮಂಡಳಿಯ ಕಚೇರಿಯಲ್ಲಿ ಕೈ ತೊಳೆಯಲು ನಲ್ಲಿಯಿಲ್ಲ. ಮೊದಲು ಇತ್ತು. ಪಂಪಣ್ಣನವರು ಅಧ್ಯಕ್ಷರಾದ ವರ್ಷ ಅದನ್ನು ಕೀಳಿಸಿದರು. ಬಂದವರಿಗೆ ಬಾಯಾರಿದರೆ ಕಿರಿದಾದ ಬಾಯಿಯ ಬಾಟಲಿಯಿಂದ ಜವಾನನೇ ನೇರ ಬಾಯಿಗೆ ನೀರು ಎತ್ತಿ ಹೊಯ್ಯುತ್ತಾನೆ. ಹೊರಗಿನವರು ಇದನ್ನು ಶಿಸ್ತು ಎಂದುಕೊಳ್ಳುತ್ತಾರೆ. ನಮ್ಮವರಿಗೆ ಕಾರಣ ಗೊತ್ತು. ನಮ್ಮ ಊರಿನಲ್ಲಿ ಬೊಗಸೆಯಲ್ಲಿ ನೀರು ಹಿಡಿದು ಯಾರಿಗಾದರೂ ಒಂದು ಪ್ರಶ್ನೆ ಕೇಳಿದರೆ, ನಿಜವಾದ ಉತ್ತರ ಸಿಗುವವರೆಗೆ ಆ ನೀರು ಸೋರುವುದಿಲ್ಲ, ಕೈ ಬಿಚ್ಚುವುದಿಲ್ಲ. ನಿಜ ಹೊರಬಿದ್ದ ಕ್ಷಣ ಬೆರಳು ಸಡಿಲವಾಗಿ ನೀರು ನೆಲಕ್ಕೆ ಬೀಳುತ್ತದೆ.

ಹಾಗೆಂದು ನಾವು ದಿನಾ ನೀರು ಹಿಡಿದುಕೊಂಡು ತಿರುಗುವವರಲ್ಲ. ವರನ ವಯಸ್ಸು ಕೇಳುವಾಗ, ಎಮ್ಮೆ ಎಷ್ಟನೆಯ ಸೂಲಿನದು ಎಂದು ಕೇಳುವಾಗ, ಅಷ್ಟೆ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಹೀಗೆ ಕೇಳುವುದನ್ನು ಹಿರಿಯರು ಒಪ್ಪುವುದಿಲ್ಲ. ಕಟ್ಟಿಹೋಗುವುದು ಕೇಳಿದವರ ಕೈ. ಉತ್ತರ ಕೊಡಬೇಕಾದವನು ಆರಾಮವಾಗಿ ತಿಂದುಂಡು ಇರಬಹುದು. ಆದ್ದರಿಂದ ಸುಮ್ಮನಿರಬಲ್ಲ ದೊಡ್ಡವರ ತಂಟೆಗೆ ಯಾರೂ ಹೋಗುವುದಿಲ್ಲ. ಇನ್ನೊಂದು ಮರ್ಯಾದೆಯ ಮಾತೂ ಇದೆ. ಒಬ್ಬರಿಗೆ ಕೇಳಿದ್ದಕ್ಕೆ ಇನ್ನೊಬ್ಬರು ಬಾಯಿ ಹಾಕಬಾರದು. ಈ ಮರ್ಯಾದೆ ಎಷ್ಟು ಹಳೆಯದೆಂದರೆ, ಇನ್ನೊಬ್ಬರು ಉತ್ತರ ಹೇಳಿದರೆ ನೀರು ಬೀಳುತ್ತದೆಯೋ ಇಲ್ಲವೋ ಎಂದು ಯೋಚಿಸುವುದನ್ನೇ ಜನ ಬಿಟ್ಟಿದ್ದಾರೆ.

ನಾನು ಮಂಡಳಿಯಲ್ಲಿ ಪತ್ರ ಬರೆಯುವವಳು. ಬಿ.ಎ. ಮಾಡಿದ ಹೆಂಗಸಿಗೆ ನಮ್ಮಲ್ಲಿ ಇದ್ದ ಕೆಲಸ ಅದೊಂದೇ. ಒಂದು ವಾಕ್ಯ ಬರೆದರೆ ಮೂರು ಸಲ ಓದುತ್ತೇನೆ. ಯಾರಾದರೂ ಅದನ್ನು ಹಿಡಿದು ನನ್ನನ್ನು ಕೇಳಿಯಾರೇ ಎಂದು ನೋಡುತ್ತೇನೆ. ಪಂಪಣ್ಣನವರಿಗೆ ನನ್ನ ಈ ಗುಣ ಬಹಳ ಇಷ್ಟ.

ಊರಿನ ಪಡುವಣಕ್ಕೆ ಹಗ್ಗದ ಬಯಲು. ಹಗ್ಗ ಮಾಡುವವರಿಗೆ ಉದ್ದನೆಯ, ಸಮನಾದ, ಅಡ್ಡ ಏನೂ ಇಲ್ಲದ ನೆಲ ಬೇಕು. ಒಬ್ಬರು ರಾಟೆ ತಿರುಗಿಸುತ್ತಾರೆ. ಇನ್ನೊಬ್ಬರು ಸೊಂಟಕ್ಕೆ ಪುಂಡಿನಾರು ಸುತ್ತಿಕೊಂಡು, ಎರಡೂ ಕೈಯಿಂದ ಎಳೆ ಬಿಡುತ್ತ ಹಿಂದಕ್ಕೆ ನಡೆಯುತ್ತಾರೆ. ಬೆನ್ನ ಹಿಂದೆ ಏನಿದೆ ಎಂದು ತಿರುಗಿ ನೋಡುವಂತಿಲ್ಲ, ನೋಡಿದರೆ ಎಳೆ ಕೆಡುತ್ತದೆ. ಅರವತ್ತು ಮಾರಿನ ಬಾವಿ ಹಗ್ಗಕ್ಕೆ ಅರವತ್ತು ಮಾರು ಹಿಂದಕ್ಕೆ ಹೋಗಬೇಕು. ಎರಡು ವರ್ಷದ ಕೆಳಗೆ ಮಂಡಳಿ ಆ ಬಯಲಿಗೆ ತಂತಿಬೇಲಿ ಹಾಕಿ, ಅಲ್ಲಿ ತ್ರಿಶೃಂಗ ಯಂತ್ರೋದ್ಯಮ ಬರುತ್ತದೆ, ಮನೆಗೊಬ್ಬರಿಗೆ ಕೆಲಸ ಸಿಗುತ್ತದೆ ಎಂದು ಫಲಕ ನೆಟ್ಟಿತು. ಹಗ್ಗದ ಓಣಿಯವರು ಮನೆ ಮುಂದಿನ ಸಂದಿಯಲ್ಲಿ ನಾಲ್ಕು ಮಾರು ಹಿಂದೆ ನಡೆದು, ಗೋಡೆಗೆ ಬೆನ್ನು ತಾಗಿದಲ್ಲಿ ನಿಂತು, ಕರುವಿಗೆ ಕಟ್ಟುವ ಕಣ್ಣಿ ಮಾತ್ರ ಹೊಸೆಯುತ್ತ ಬಂದರು. ಕಾರ್ಖಾನೆ ಬರಲಿಲ್ಲ. ಬೇಲಿಯೊಳಗೆ ಜಾಲಿ ಬೆಳೆಯಿತು.

ದೇಮಕ್ಕ ಆ ಓಣಿಯವಳು. ಐವತ್ತು ದಾಟಿದ ಹೆಂಗಸು, ನನ್ನ ಬಾಡಿಗೆ ಮನೆಯ ಹಿತ್ತಿಲಿಗೆ ಅವಳ ಹಿತ್ತಿಲು ಅಂಟಿಕೊಂಡಿದೆ. ಊರಿನಲ್ಲಿ ಅವಳಷ್ಟು ನೇರವಾಗಿ ಹಿಂದಕ್ಕೆ ನಡೆಯುವವರು ಇರಲಿಲ್ಲ. ಮಂಡಳಿಯ ವಾರ್ಷಿಕ ಸಮಾರಂಭದ ದಿನ ಅವಳು ಒದ್ದೆ ಸೆರಗು ಹೊದ್ದು ಬಂದು ಮುಂದಿನ ಸಾಲಿನಲ್ಲಿ ಕೂತಳು. ಬಾಗಿಲಲ್ಲಿ ಜವಾನ ತಂಬಿಗೆ ಇದೆಯೇ ಎಂದು ಕೈಚೀಲ ನೋಡಿದ್ದ, ಸೆರಗು ನೋಡಿರಲಿಲ್ಲ. ಪಂಪಣ್ಣನವರು ಹಾರ ಹಾಕಿಸಿಕೊಂಡು ಮೈಕಿನ ಮುಂದೆ ನಿಂತಾಗ ದೇಮಕ್ಕ ಎದ್ದು, ಸೆರಗನ್ನು ಹಲ್ಲಲ್ಲಿ ಕಚ್ಚಿ ಹಿಂಡಿ, ಬೊಗಸೆಯಲ್ಲಿ ನೀರು ತುಂಬಿಕೊಂಡಳು.

"ಸಾಹೇಬ್ರ, ನಮ್ಮ ಬಯಲು ಯಾರ ಸಲುವಾಗಿ ತಗೊಂಡ್ರಿ?"

 ಪಂಪಣ್ಣನವರು ನಕ್ಕರು. "ಊರಿನ ಏಳಿಗೆ ಸಲುವಾಗಿ ತಾಯಿ."

ನೀರು ಹಾಗೇ ಇತ್ತು.

"ನಿಮ್ಮ ಮಕ್ಕಳ ಸಲುವಾಗಿ."

ನೀರು ಹಾಗೇ ಇತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ಪಂಪಣ್ಣನವರ ಕಿವಿ ಕೆಂಪಾಯಿತು. "ತ್ರಿಶೃಂಗ ಯಂತ್ರೋದ್ಯಮದ ಸಲುವಾಗಿ. ಬೋರ್ಡ್ ಹಾಕೀವಲ್ಲ, ಓದಾಕ ಬರೂದಿಲ್ಲೇನು?" ಅದಕ್ಕೂ ನೀರು ಅಲುಗದಿದ್ದಾಗ ಅವರು, ಲಿಖಿತ ಉತ್ತರ ಕಳಿಸುತ್ತೇವೆ ಎಂದು ಹಾರ ತೆಗೆದಿಟ್ಟು ಒಳಗೆ ಹೋದರು.

ಆ ಲಿಖಿತ ಉತ್ತರಗಳನ್ನು ನಾನು ಬರೆದೆ. ಒಟ್ಟು ಏಳು.

ಕೈ ಕಟ್ಟಿಹೋದ ಹೆಂಗಸಿನ ಬದುಕು ಹೇಗಿರುತ್ತದೆ ಎಂದು ಮಂಡಳಿಯ ಯಾರೂ ನೋಡಲು ಬರಲಿಲ್ಲ. ಓಣಿಯವರು ಪಾಳಿ ಹಾಕಿಕೊಂಡರು. ಬೆಳಿಗ್ಗೆ ಸ್ನಾನಕ್ಕೆ ಸೊಸೆ, ಸೀರೆ ಉಡಿಸಲು ಎದುರು ಮನೆಯವರು, ಮಧ್ಯಾಹ್ನ ಊಟಕ್ಕೆ ನಾನು. ಕಚೇರಿಯಿಂದ ಒಂದು ಗಂಟೆಗೆ ಓಡಿ ಬಂದು ತುತ್ತು ಮಾಡಿ ಬಾಯಿಗಿಡುತ್ತಿದ್ದೆ. ಸಂಜೆ ತಲೆ ಬಾಚಿ ಜಡೆ ಹಾಕಿ, ಮುಂಗೈಗೆ ಎಣ್ಣೆ ಹಚ್ಚುತ್ತಿದ್ದೆ. ಕೈ ಮಡಿಲಲ್ಲಿಟ್ಟುಕೊಂಡು, ಗೋಡೆಗೆ ಒರಗಿಯೇ ಅವಳು ನಿದ್ದೆ ಮಾಡುತ್ತಿದ್ದಳು. ಮೂಗಿನ ಮೇಲೆ ನೊಣ ಕೂತರೆ ಯಾರನ್ನಾದರೂ ಕರೆಯಬೇಕು. ಎರಡನೆಯ ವಾರಕ್ಕೆ ಗುಬ್ಬಿಯೊಂದು ಕಟ್ಟೆಗೆ ಬಂದು ಅವಳ ಬೊಗಸೆಯಲ್ಲಿ ನೀರು ಕುಡಿದು ಹೋಗುವುದನ್ನು ಕಲಿತಿತು. ನೀರು ಕಡಿಮೆಯಾಗಲಿಲ್ಲ.

"ಮಂಡಳಿಯವ್ರು ಊರಿಗೆ ಮಾಡಿದ್ದು ಇದೊಂದ ನೋಡು, ಗುಬ್ಬಿಗೆ ನೀರಿನ ವ್ಯವಸ್ಥಾ," ಎಂದ ಇಮಾಮಣ್ಣ. ಅವನು ದೇಮಕ್ಕನ ರಾಟೆ ತಿರುಗಿಸುತ್ತಿದ್ದವನು. ಈಗ ಕೆಲಸವಿಲ್ಲದೆ ದಿನವಿಡೀ ಕಟ್ಟೆಯ ಮೇಲೆ ಕೂತಿರುತ್ತಿದ್ದ.

"ನಿನಗ ನಗಿ. ನನ್ನ ಬೆನ್ನು ತುರಸ್ತೈತಿ, ಯಾರಿಗೆ ಹೇಳ್ಲಿ?"

"ಹೇಳಿದ್ರ ನಾ ತುರಸ್ತೀನಿ. ನಿನ್ನ ಸೊಸಿ ಕೋಲು ತಗೊಂಡು ಬರ್ತಾಳ."

ದೇಮಕ್ಕ ನಕ್ಕಳು. ನಗುವಾಗಲೂ ನೀರಿನ ಮೇಲೆ ಒಂದು ಗೆರೆ ಮೂಡಲಿಲ್ಲ. ನಾನು ನೀರನ್ನೇ ನೋಡುತ್ತಿದ್ದೆ. ಆ ತಿಂಗಳುಗಳಲ್ಲಿ ನಾನು ಬೇರೆ ಏನನ್ನೂ ಸರಿಯಾಗಿ ನೋಡಿಲ್ಲ.

ವಾರಕ್ಕೊಂದು ಮನವಿ ಹೊತ್ತು ಓಣಿಯವರು ಮಂಡಳಿಗೆ ಬರುತ್ತಿದ್ದರು. ಮೊದಲು ಹಗ್ಗದವರು, ಆಮೇಲೆ ಗಾಣದವರು, ಕಂಬಳಿಯವರು, ಶಾಲೆಯ ಇಬ್ಬರು ಮಾಸ್ತರರು. ಅವರ ನೆಲವೂ ಹೋದದ್ದುಂಟು, ಕೇಳಿರಲಿಲ್ಲ ಅಷ್ಟೆ. ಮಂಡಳಿಯ ಉತ್ತರ ಬಂದ ದಿನ ಎಲ್ಲರೂ ದೇಮಕ್ಕನ ಕಟ್ಟೆಗೆ ಸೇರುತ್ತಿದ್ದರು. ಮಾಸ್ತರರು ಗಟ್ಟಿಯಾಗಿ ಓದುತ್ತಿದ್ದರು. ಉದ್ಯಮದವರು ಸಿದ್ಧತೆಯಲ್ಲಿದ್ದಾರೆ, ಸಾರ್ವಜನಿಕರು ಸಹಕರಿಸಬೇಕು, ಮಂಡಳಿಗೆ ಹಗ್ಗದವರ ಬಗ್ಗೆ ಅಪಾರ ಗೌರವವಿದೆ. ಓದು ಮುಗಿದ ಮೇಲೆ ಎಲ್ಲರ ಕಣ್ಣು ಬೊಗಸೆಯ ಕಡೆಗೆ. ನೀರು ಕದಲದಿದ್ದರೆ ಇಮಾಮಣ್ಣ ಕಾಗದ ಇಸಿದುಕೊಂಡು ಬೀಡಿ ಕಟ್ಟಿಗೆ ಸುತ್ತಿಡುತ್ತಿದ್ದ.

"ಏನೇ ಅನ್ನು, ಬರದವ್ರು ಚಂದ ಬರದಾರ," ಎಂದಳು ದೇಮಕ್ಕ ಒಂದು ಸಲ. ಆಮೇಲೆ ನನ್ನ ಮುಖ ನೋಡಿ, "ನೀನು ಬರದಿದ್ದೇನ ಶಶಿ? ಇರ್ಲಿ ಬಿಡ ತಂಗಿ. ನೀ ಏನ್ ಮಾಡ್ತಿ. ಅವ್ರು ಹೇಳಿದ್ದು ಬರೀತಿ. ನಿನಗ ಏನು ಗೊತ್ತಿರ್ತೈತಿ?"

ನಾನು ಅವಳ ಬಾಯಿಗೆ ಇನ್ನೊಂದು ತುತ್ತು ಇಟ್ಟೆ.

ಈಗ ಹೇಳಿಬಿಡುತ್ತೇನೆ. ತ್ರಿಶೃಂಗ ಯಂತ್ರೋದ್ಯಮ ಎಂಬುದು ಇಲ್ಲ. ಎಂದೂ ಇರಲಿಲ್ಲ. ಎರಡು ವರ್ಷದ ಕೆಳಗೆ ಮೇಲಿನಿಂದ ತಪಾಸಣೆಯವರು ಬರುವವರಿದ್ದರು. ಯಾವ ಮಂಡಳಿಯ ಕೈಯಲ್ಲಿ ಉದ್ಯಮಕ್ಕೆ ಮೀಸಲಾದ ನೆಲವೂ ಆ ನೆಲ ಕೇಳಿದ ಉದ್ಯಮವೂ ಇಲ್ಲವೋ ಆ ಮಂಡಳಿಯನ್ನು ಮುಚ್ಚುತ್ತಾರೆ ಎಂದು ಸುದ್ದಿ ಬಂದಿತ್ತು. ಪಂಪಣ್ಣನವರು ಊರಿನ ನಕ್ಷೆ ಬಿಡಿಸಿ, ಕಟ್ಟಡವಿಲ್ಲದ ಉದ್ದನೆಯ ಜಾಗ ಯಾವುದು ಎಂದು ನೋಡಿ, ಹಗ್ಗದ ಬಯಲಿಗೆ ಕೆಂಪು ಗೆರೆ ಎಳೆದರು. ಆಮೇಲೆ ತಪಾಸಣೆಯ ನಮೂನೆ ಹಿಡಿದು ನನ್ನನ್ನು ಕರೆದರು. "ಶಶಿಕಲಾ ಅವ್ರ, ಈ ಖಾನೆ ಖಾಲಿ ಐತಿ. ಯಾವ್ದಾರ ಒಂದ್ ಹೆಸರು ಹಾಕ್ರಿ. ಕೇಳಿದ್ರ ಗಟ್ಟಿ ಅನ್ನಿಸ್ಬೇಕು." ನಾನು ಪೆನ್ಸಿಲಿನಲ್ಲಿ ಮೂರು ಹೆಸರು ಬರೆದೆ. ಅವರು ಮೂರನೆಯದನ್ನು ಆರಿಸಿದರು. ಭೇಷ್ ಎಂದರು. ಆ ಉದ್ಯಮದ ಪರವಾಗಿ ನೆಲ ಬೇಕೆಂದು ಒಂದು ಅರ್ಜಿಯನ್ನೂ ಬರೆಸಿದರು. ಅರ್ಜಿ ಚೆನ್ನಾಗಿ ಬಂದಿದೆ ಎಂದು ನನಗೆ ಅವತ್ತು ಸಂತೋಷವೂ ಆಗಿತ್ತು. ತಪಾಸಣೆಯವರು ಬೇಲಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು.

ಇನ್ನೊಂದನ್ನೂ ಹೇಳಬೇಕು. ಒಬ್ಬರಿಗೆ ಕೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಹೇಳಿದರೆ ನೀರು ಬೀಳುತ್ತದೆ. ನನಗೆ ಗೊತ್ತಿತ್ತು. ಏಳು ವರ್ಷದವಳಿದ್ದಾಗ ನಮ್ಮ ಅತ್ತೆ ಹಿರಿಯರ ಮಾತು ಮೀರಿ, ನೀರು ಹಿಡಿದು ಮಾವನನ್ನು, ಉಪ್ಪಿನಕಾಯಿ ಜಾಡಿ ಒಡೆದವರು ಯಾರು ಎಂದು ಕೇಳಿದಾಗ ಬಾಗಿಲ ಹಿಂದಿನಿಂದ ನಾನು "ಮಾವ ಅಲ್ಲ, ನಾನು" ಎಂದಿದ್ದೆ. ನೀರು ದಡಕ್ಕನೆ ಬಿತ್ತು. ಅಮ್ಮ ಬಂದು ಕೆನ್ನೆಗೆ ಹೊಡೆದಳು. ಹೊಡೆದದ್ದು ಜಾಡಿಗಲ್ಲ, ನನಗೆ ಕೇಳದಿದ್ದದ್ದಕ್ಕೆ ಬಾಯಿ ಹಾಕಿದ್ದಕ್ಕೆ. ನಾಲ್ಕು ತಿಂಗಳು ನಾನು ಆ ಹೊಡೆತದ ಹಿಂದೆ ಅಡಗಿಕೊಂಡಿದ್ದೆ. ನನ್ನನ್ನು ಯಾರೂ ಕೇಳಿಲ್ಲವಲ್ಲ ಎಂದು ಪ್ರತಿ ತುತ್ತಿಗೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ನಾಲ್ಕನೆಯ ತಿಂಗಳ ಕೊನೆಯಲ್ಲಿ ಡಾಕ್ಟರು ಬಂದು ದೇಮಕ್ಕನ ಕೈ ಮುಟ್ಟಿ ನೋಡಿದರು. ಚರ್ಮ ಬಿಳಿಚಿ ಸುಕ್ಕಾಗಿತ್ತು. ಕಿರುಬೆರಳುಗಳಿಗೆ ಸೂಜಿ ಚುಚ್ಚಿದರೂ ಅವಳಿಗೆ ತಿಳಿಯಲಿಲ್ಲ. "ಇನ್ನ ಹದಿನೈದು ದಿನ. ಆಮೇಲೆ ನೀರು ಬಿದ್ರೂ ಬೆರಳು ಹಿಂಗ ಉಳೀತಾವ," ಎಂದರು.  ಡಾಕ್ಟರು ಹೋದ ಮೇಲೆ ದೇಮಕ್ಕ ಇಮಾಮಣ್ಣನ ಕಡೆ ತಿರುಗಿ, "ರಾಟಿಗೆ ಎಣ್ಣಿ ಬಿಟ್ಟೀಯೇನ?" ಎಂದು ಕೇಳಿದಳು. ಇಮಾಮಣ್ಣ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತ.

ಮರುದಿನ ಊರು ಊರೇ ಮಂಡಳಿಗೆ ಬಂತು. ಗಾಣ ನಿಂತಿತು, ಶಾಲೆ ಬಿಟ್ಟಿತು, ಸಂತೆಯವರು ಬುಟ್ಟಿ ಸಮೇತ ಬಂದರು. ಎಲ್ಲರ ಎದುರಿಗೆ ಉತ್ತರ ಹೇಳುವವರೆಗೆ ನಾವು ಏಳುವುದಿಲ್ಲ ಎಂದು ಮೆಟ್ಟಿಲ ತುಂಬ ಕೂತರು. ಮೂರು ದಿನ ಕೂತರು. ಪಂಪಣ್ಣನವರು ಹಿಂದಿನ ಬಾಗಿಲಿಂದ ಬಂದು ಹೋಗುತ್ತಿದ್ದರು. ಮೂರನೆಯ ದಿನ ಕಂಬಳಿಯವರು ಆ ಬಾಗಿಲಲ್ಲೂ ಕಂಬಳಿ ಹಾಸಿದರು. ನಾಲ್ಕನೆಯ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಹಿರಂಗ ಸಭೆ ಎಂದು ನೋಟೀಸು ಹೊರಟಿತು. ನೋಟೀಸನ್ನೂ ನಾನೇ ಬರೆದೆ.

ಮಂಡಳಿಯ ಅಂಗಳದಲ್ಲಿ ಮೇಜು, ಮೇಜಿನ ಮೇಲೆ ಕಡತಗಳು, ಹಿಂದೆ ದೊಡ್ಡ ಬಟ್ಟೆಯ ಮೇಲೆ ಬರೆಸಿದ ಕಾರ್ಖಾನೆಯ ಚಿತ್ರ. ಚಿತ್ರದಲ್ಲಿ ಮರಗಳೂ ಇದ್ದವು, ಸೈಕಲ್ಲಿನ ಮೇಲೆ ಕೆಲಸಕ್ಕೆ ಹೋಗುವ ಹೆಂಗಸರೂ ಇದ್ದರು. ದೇಮಕ್ಕನನ್ನು ಸೊಸೆ ಕರೆತಂದು ಮೇಜಿನ ಎದುರು ಕುರ್ಚಿಯಲ್ಲಿ ಕೂರಿಸಿದಳು. ನಾನು ಪಂಪಣ್ಣನವರ ಎಡಗಡೆ, ಕಡತಗಳ ಹತ್ತಿರ ನಿಂತಿದ್ದೆ.

ಪಂಪಣ್ಣನವರು ಮುಕ್ಕಾಲು ಗಂಟೆ ಮಾತಾಡಿದರು. ಮಂಡಳಿ ಯಾವಾಗ ಹುಟ್ಟಿತು, ಎಷ್ಟು ಸಭೆ ನಡೆಸಿತು, ನೆರೆಯ ಊರುಗಳು ನಮ್ಮನ್ನು ನೋಡಿ ಹೇಗೆ ಕರುಬುತ್ತವೆ. ಪ್ರತಿ ಮಾತು ಮುಗಿದಾಗಲೂ ಜನ ದೇಮಕ್ಕನ ಕೈ ನೋಡುತ್ತಿದ್ದರು. ನೀರು ಗಾಜಿನ ಹಾಗೆ ನಿಂತಿತ್ತು.

"ಸಾಹೇಬ್ರ, ಪುರಾಣ ಆತು. ಯಾರ ಸಲುವಾಗಿ ಅಂತ ಹೇಳ್ರಿ," ಎಂದ ಇಮಾಮಣ್ಣ.

"ಯಾರಿಗೆ ಕೇಳ್ಯಾರೋ ಅವ್ರು ಹೇಳ್ತಾರ. ನೀ ಬಾಯಿ ಹಾಕಬ್ಯಾಡ," ಎಂದರು ಪಂಪಣ್ಣನವರು.

"ನಾಲ್ಕ್ ತಿಂಗಳಾತು, ಅವ್ರ ಬಾಯಿ ಅವ್ರಿಗೆ ಸಿಕ್ಕಿಲ್ಲ!" ಎಂದು ಸಂತೆಯ ಹೆಂಗಸೊಬ್ಬಳು ಕೂಗಿದಳು. ಅಂಗಳ ನಕ್ಕಿತು.

ಪಂಪಣ್ಣನವರು ಮೇಜು ಗುದ್ದಿದರು. "ನಾ ನಿಜಾನ ಹೇಳಾಕತ್ತೀನಿ. ಈ ಹೆಣ್ಣಮಗಳು ಬೇಕಂತನ ಕೈ ಬಿಗಿಹಿಡದಾಳ. ಊರಿನ ಮುಂದ ದೊಡ್ಡಾಕಿ ಆಗ್ಬೇಕಂತ ಆಸಿ ಐತಿ ಆಕಿಗೆ. ಎಲ್ಲಾ ನಾಟಕ."

ನಾನು ಅವಳ ಬಾಯಿಗಿಟ್ಟ ತುತ್ತುಗಳು ನೆನಪಾದವು. ನೀರು ಕುಡಿಸುವಾಗ ಗದ್ದದ ಮೇಲೆ ಇಳಿದರೆ ಕೈಯಿಂದ ಒರೆಸಿಕೊಳ್ಳಲಾಗದೆ ಅವಳು ಮುಖ ತಿರುಗಿಸುತ್ತಿದ್ದದ್ದು. ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸು ಸೊಸೆಯ ಕೈಯಲ್ಲಿ ಬಟ್ಟೆ ಬದಲಾಯಿಸಿಕೊಳ್ಳುತ್ತ ಗೋಡೆ ನೋಡುತ್ತಿದ್ದದ್ದು. ನಾಟಕ ಎಂದರು.  ನನಗೆ ಇಷ್ಟು ಸಿಟ್ಟು ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

"ಉದ್ಯಮದವ್ರ ಅರ್ಜೀನ ಓದಿ ತೋರಿಸ್ತೀವಿ. ಶಶಿಕಲಾ ಅವ್ರ, ಓದ್ರಿ," ಎಂದು ಪಂಪಣ್ಣನವರು ಕಾಗದವನ್ನು ನನ್ನ ಕೈಗೆ ಕೊಟ್ಟರು.

ನನ್ನ ಅಕ್ಷರ. ನಾನು ಮೊದಲ ಸಾಲು ಓದಿದೆ. "ತ್ರಿಶೃಂಗ ಯಂತ್ರೋದ್ಯಮದ ಪರವಾಗಿ ಸವಿನಯ ಪ್ರಾರ್ಥನೆ." ಎರಡನೆಯ ಸಾಲು ಓದಲಿಲ್ಲ.  ಕಾಗದವನ್ನು ಮೇಜಿನ ಮೇಲೆ ಇಟ್ಟೆ.

"ಇಂಥ ಉದ್ಯಮ ಇಲ್ಲ," ಎಂದೆ. "ಯಾರೂ ನೆಲ ಕೇಳಿರಲಿಲ್ಲ. ಖಾನೆ ಖಾಲಿ ಇತ್ತು. ಖಾನೆ ತುಂಬಲು ಬಯಲು ತೆಗೆದುಕೊಳ್ಳಲಾಯಿತು."

 ದೇಮಕ್ಕನ ಬೊಗಸೆಯಲ್ಲಿ, ನಾಲ್ಕು ತಿಂಗಳ ಮೇಲೆ ಮೊದಲ ಸಲ, ನೀರು ಅಲುಗಿತು. ಅಲುಗಿತು ಅಷ್ಟೆ. ಬೀಳಲಿಲ್ಲ.

"ಕೂಡ್ರಿ!" ಪಂಪಣ್ಣನವರು ನನ್ನ ಕೈ ಹಿಡಿದೆಳೆದರು. "ನಿಮಗ ಕೇಳ್ಯಾರೇನು? ನೋಡ್ರಪ್ಪಾ, ನೀರು ಬಿತ್ತೇನು? ಈಕಿ ಹೇಳೂದೂ ಸುಳ್ಳು!"

ನಾನು ನೀರು ನೋಡಿದೆ. ಅದು ಕಾಯುತ್ತಿತ್ತು. ದೇಮಕ್ಕ ಕೇಳಿದ್ದು ಏನಾಯಿತು ಎಂದಲ್ಲ, ಯಾರ ಸಲುವಾಗಿ ಎಂದು. ನಾನು ಇಷ್ಟು ಹೊತ್ತು ಹೇಳಿದ್ದು ಎಂಟನೆಯ ಪತ್ರದ ಹಾಗಿತ್ತು.

"ನಮ್ಮ ಸಲುವಾಗಿ ತಗೊಂಡ್ವಿ ದೇಮಕ್ಕ," ಎಂದೆ. "ಮಂಡಳಿ ಮುಚ್ಚಬಾರ್ದು ಅಂತ. ಇವ್ರ ಕುರ್ಚಿ ಉಳೀಲಿ, ನನ್ನ ಕುರ್ಚಿ ಉಳೀಲಿ ಅಂತ. ಆ ಹೆಸರು ಇಟ್ಟಾಕಿ ನಾನು. ಈ ಅರ್ಜಿ ಬರದಾಕಿನೂ ನಾನು."

ನೀರು ಬಿತ್ತು. ಹೆಚ್ಚೇನೂ ಇರಲಿಲ್ಲ, ಒಂದು ಲೋಟದಷ್ಟು. ಅವಳ ಪಾದದ ಮೇಲೆ ಬಿದ್ದು ಮಣ್ಣಿಗೆ ಇಳಿಯಿತು.

ಆಮೇಲೆ ಎದ್ದ ಗದ್ದಲದಲ್ಲಿ ಯಾರು ಏನು ಅಂದರು ಎಂದು ನನಗೆ ಸರಿಯಾಗಿ ನೆನಪಿಲ್ಲ. ಕಾರ್ಖಾನೆಯ ಚಿತ್ರವನ್ನು ಯಾರೋ ಎಳೆದು ಕೆಡವಿದರು. ಪಂಪಣ್ಣನವರು, ಇದು ನಮ್ಮ ಕಚೇರಿಯ ಒಳಗಿನ ವಿಷಯ, ಇದನ್ನು ಪರಿಶೀಲಿಸುತ್ತೇವೆ ಎನ್ನುತ್ತಿದ್ದರು. ಅವರ ಸುತ್ತ ಜನ ಬಿಗಿಯಾಗಿ ನಿಂತರು, ಯಾರೂ ಮುಟ್ಟಲಿಲ್ಲ. ಶಾಲೆಯ ಮಾಸ್ತರರು ಕುರ್ಚಿ ಎಳೆದುಕೊಂಡು ಅವರೆದುರು ಕೂತು, "ಗಾಣದವರ ಜಾಗದ್ದು ಹೇಳ್ರಿ ಈಗ," ಎಂದರು. ಹೊರಗೆ ಇಮಾಮಣ್ಣನ ದನಿ ಕೇಳಿಸುತ್ತಿತ್ತು: "ಕುಡಗೋಲು ತರ್ರಿ, ಜಾಲಿ ಬಾಳ ಬೆಳದೈತಿ!" ಜನ ಬಯಲಿನ ಕಡೆ ಹೊರಟರು.

ನಾನು ದೇಮಕ್ಕನ ಹತ್ತಿರ ಹೋದೆ. ಅವಳು ಕುರ್ಚಿಯಲ್ಲೇ ಕೂತು ಬೆರಳು ಬಿಡಿಸಲು ನೋಡುತ್ತಿದ್ದಳು. ಹೆಬ್ಬೆರಳು, ತೋರುಬೆರಳು ನಿಧಾನವಾಗಿ ಬಂದವು. ಕಿರುಬೆರಳು ಎರಡೂ ಮಡಚಿಯೇ ಇದ್ದವು. ದಿನಾ ಎಣ್ಣೆ ಹಚ್ಚುತ್ತಿದ್ದ ರೂಢಿಯಲ್ಲಿ ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಹಿಂದಕ್ಕೆ ಎಳೆದುಕೊಂಡಳು.

"ಯಾವಾಗಿಂದ ಗೊತ್ತಿತ್ತು ನಿನಗ?"

ಅವಳ ಕೈಯಲ್ಲಿ ನೀರಿರಲಿಲ್ಲ. ನಾನು ಏನು ಬೇಕಾದರೂ ಹೇಳಬಹುದಿತ್ತು.

"ಮೊದಲನೇ ದಿನದಿಂದ."

"ನನ್ನ ಬಾಯಾಗ ತುತ್ತು ಇಡುವಾಗ?"

"ಗೊತ್ತಿತ್ತು."

"ನಿನಗ ಏನು ಗೊತ್ತಿರ್ತೈತಿ ಅಂತ ನಾ ಅಂದೆ. ಆವಾಗ?"

"ಗೊತ್ತಿತ್ತು ದೇಮಕ್ಕ."

ಅವಳು ಸಿಟ್ಟಿನಿಂದ ಏನಾದರೂ ಅನ್ನುತ್ತಾಳೆ ಎಂದು ನಾನು ನಿಂತಿದ್ದೆ. ಆ ಬೆರಳುಗಳಿಂದಲೇ ಕೆನ್ನೆಗೆ ಒಂದು ಬಾರಿಸಲಿ ಎಂದೂ ಬಯಸಿದೆ. ಸೊಸೆ ತಟ್ಟೆಯಲ್ಲಿ ರೊಟ್ಟಿ, ಕಾಳು ಪಲ್ಯ ತಂದು ಎಂದಿನ ಹಾಗೆ ನನ್ನ ಕಡೆ ಚಾಚಿದಳು. ದೇಮಕ್ಕ ಅದನ್ನು ತನ್ನ ಮಡಿಲಿಗೆ ಇಡಿಸಿಕೊಂಡಳು. ರೊಟ್ಟಿ ಮುರಿಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಮೊದಲ ತುಣುಕು ಜಾರಿ ಸೀರೆಯ ಮೇಲೆ ಬಿತ್ತು. ಸೊಸೆ ಎತ್ತಿಕೊಡಲು ಬಗ್ಗಿದಾಗ ದೇಮಕ್ಕ ಬೇಡವೆಂದು ತಲೆಯಲ್ಲಾಡಿಸಿದಳು. ಎರಡನೆಯದನ್ನು ಎರಡೂ ಕೈಯಿಂದ ಹಿಡಿದು ಬಾಯಿಗೆ ಒಯ್ದಳು, ಅಗಿದಳು, ನುಂಗಿದಳು. ಕಣ್ಣಲ್ಲಿ ನೀರು ಬಂದದ್ದನ್ನು ಭುಜಕ್ಕೆ ಒರೆಸಿಕೊಂಡಳು, ಅದು ನಾಲ್ಕು ತಿಂಗಳ ರೂಢಿ. ಆಮೇಲೆ ಕೈ ಇದೆ ಎಂದು ನೆನಪಾಗಿ ಅಂಗೈಯಿಂದ ಇನ್ನೊಮ್ಮೆ ಒರೆಸಿಕೊಂಡಳು.

ತಟ್ಟೆ ಅರ್ಧ ಖಾಲಿಯಾಗುವವರೆಗೂ ಅವಳು ನನ್ನತ್ತ ನೋಡಲಿಲ್ಲ. ಬಯಲಿನ ಕಡೆಯಿಂದ ಕಂಬ ಕೀಳುವ ಸದ್ದು, ಕೂಗು ಕೇಳಿಸುತ್ತಿತ್ತು.

"ಇಲ್ಲೇನ್ ನಿಂತಿ?" ಎಂದಳು. "ಎಲ್ಲಾರೂ ಬೇಲಿ ಕೀಳಾಕ ಹೋಗ್ಯಾರ. ಹೋಗು. ನಿನಗ ಕೈ ಚಲೋ ಅದಾವಲ್ಲ."